ಅಕ್ಕನಿಗೆ ಹಾಡದ ಗದ್ದೆಮ್ಮ

ತುರ್ವಿಹಾಳದ ಗದ್ದೆಮ್ಮ ಭತ್ತದ ನಾಟಿಗೆ ಹೋಗುವ ಕೂಲಿ ಹೆಣ್ಣುಮಕ್ಕಳ ಮುಂದಾಳು. ಸುತ್ತಲ ಊರುಗಳಲ್ಲಿ ಯಾರೇ ಸತ್ತರೂ ಹೆಣದ ಮುಂದೆ ಕೂತು, ಹೋದವರ ಬಾಳನ್ನೆಲ್ಲ ಹಾಡಿಕೊಂಡು ಅಳುವವಳೂ ಅವಳೇ. ಅವಳು ದನಿ ಎತ್ತಿದರೆ ಬಿಗಿದುಕೊಂಡು ಕೂತ ಗಂಡಸರೂ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಎರಡು ತಿಂಗಳಿಂದ ಕಾಡುತ್ತಿದ್ದ ಬುದ್ಧಿಹಲ್ಲನ್ನು ಹೋದ ಆಗಸ್ಟಿನ ಒಂದು ಸೋಮವಾರ ಸಿಂಧನೂರಿನಲ್ಲಿ ಒಸಡು ಕೊಯ್ಯಿಸಿ ತೆಗೆಸಿಕೊಂಡಳು. ಹೊಲಿಗೆ ಹಾಕಿದ ಡಾಕ್ಟರಮ್ಮ, ಎರಡು ದಿನ ಗಲ್ಲಕ್ಕೆ ಆಗಾಗ ಐಸ್ ಹಿಡಿಯಬೇಕು, ಉಗುಳಬಾರದು, ತಂಬಾಕು ಮುಟ್ಟಬಾರದು, ತಣ್ಣನೆಯ ಗಂಜಿ ಕುಡಿದು ಗುಳಿಗೆ ನುಂಗಬೇಕು, ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರನ್ನು ಬಾಯಲ್ಲಿ ಮೆಲ್ಲಗೆ ಆಡಿಸಬೇಕು ಎಂದರು. ಬಾವು ಮೂರನೇ ದಿನದ ತನಕ ಏರಿ ಆಮೇಲೆ ಇಳಿಯುತ್ತದೆ, ಬಾಯಿಯನ್ನು ಬಲವಂತದಿಂದ ತೆರೆಯಬೇಡ ಎಂದೂ ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ಫೋನ್ ಬಂತು. ಪಾಮನಕಲ್ಲೂರಿನಲ್ಲಿ ಅಕ್ಕ ಕರೆಮ್ಮ ಎದೆನೋವಿನಿಂದ ತೀರಿಕೊಂಡಿದ್ದಳು.

ಗಲ್ಲಕ್ಕೆ ಸೆರಗು ಒತ್ತಿಕೊಂಡು ಗದ್ದೆಮ್ಮ ಬಸ್ಸು ಬದಲಿಸುತ್ತ ಮಸ್ಕಿ ದಾಟಿ ಹೋದಳು. ಬಸ್ಸು ಕುಲುಕಿದಾಗಲೆಲ್ಲ ನೋವು ಕಿವಿಯವರೆಗೆ ಸೆಳೆಯುತ್ತಿತ್ತು. ಅಂಗಳದಲ್ಲಿದ್ದ ಹೆಂಗಸರು ಸರಿದು ಅವಳಿಗೆ ಜಾಗ ಬಿಟ್ಟರು. ಅಕ್ಕನ ಕಾಲು ಹಿಡಿದು ಬಾಯಿ ತೆರೆಯಹೋದಳು. ಒಂದು ಬೆರಳು ಹಿಡಿಯುವಷ್ಟೂ ತೆರೆಯಲಿಲ್ಲ. ಹೊಲಿಗೆ ಜಗ್ಗಿ ನಾಲಿಗೆಗೆ ರಕ್ತದ ರುಚಿ ಬಂತು. ಗಂಟಲಿನಿಂದ ಹೊರಟದ್ದು ಬರೀ ನರಳಾಟ.

“ಊರ ಮಂದಿಗೆಲ್ಲ ಹಾಡ್ಯಾಳ. ಒಡಹುಟ್ಟಿದಾಕಿಗೆ ಒಂದು ಸೊಲ್ಲಿಲ್ಲ,” ಎಂದು ಹಿಂದೆ ಕೂತ ಒಬ್ಬಾಕೆ ಅಂದದ್ದು ಅವಳಿಗೆ ಕೇಳಿಸಿತು.

ಕರೆಮ್ಮನ ಮಗ ದೂರದಿಂದ ಬರಬೇಕಿದ್ದರಿಂದ ಹೆಣ ಇಡಲು ಮಸ್ಕಿಯಿಂದ ಐಸ್ ಗಡ್ಡೆ ತರಿಸಿದ್ದರು. ಅದನ್ನು ಗಾಡಿಯಿಂದ ಇಳಿಸುವಾಗಲೇ ಕರೆಮ್ಮನ ಮಗಳು ವಿಜಯಶ್ರೀ ಒಂದು ತುಂಡು ಒಡೆದು, ಬಟ್ಟೆಯಲ್ಲಿ ಸುತ್ತಿ ತಂದಳು.

“ಹಿಡಕೋ ಚಿಕ್ಕವ್ವ. ಗಲ್ಲ ಭಾಳ ಬಾತೈತಿ. ಅವ್ವಗ ಉಳಿದದ್ದು ಸಾಕು.”

ಗದ್ದೆಮ್ಮ ಅದನ್ನು ಗಲ್ಲಕ್ಕೆ ಒತ್ತಿ ಹಿಡಿದಳು. ಕರಗಿದ ನೀರು ಕುತ್ತಿಗೆಗೆ ಇಳಿದು ಕುಪ್ಪಸ ತೋಯಿಸಿತು. ಸಂಜೆ ಹೆಣ ಎತ್ತುವ ತನಕ ಆ ಜಾಗ ಬಿಟ್ಟು ಏಳಲಿಲ್ಲ.

ನಾಲ್ಕನೇ ದಿನ ಬಾವು ಇಳಿಯತೊಡಗಿತು. ಎಂಟನೇ ದಿನ ಹೊಲಿಗೆ ಬಿಚ್ಚಿದ ಡಾಕ್ಟರಮ್ಮ, ಗಾಯ ಚೆನ್ನಾಗಿ ಮಾಗಿದೆ, ಹೇಳಿದಂತೆ ನೋಡಿಕೊಂಡಿದ್ದೀಯ ಎಂದರು. ಅಕ್ಕನ ಹನ್ನೊಂದನೇ ದಿನದ ಕಾರ್ಯಕ್ಕೆ ಅವಳು ಮತ್ತೆ ಪಾಮನಕಲ್ಲೂರಿಗೆ ಹೋದಳು. ರೊಟ್ಟಿ ಅಗಿಯಲು ಬರುತ್ತಿತ್ತು, ದನಿಯೂ ಮೊದಲಿನಂತೆ ಹೊರಡುತ್ತಿತ್ತು. ಆದರೆ ಅಂದು ಊರಿನ ಭಜನೆಯವರನ್ನು ಕರೆಸಿದ್ದರು. ಹಾಡು ಎಂದು ಅವಳನ್ನು ಯಾರೂ ಕೇಳಲಿಲ್ಲ. ಹೆಂಗಸರ ನಡುವೆ ಕೂತು ಕೇಳಿಸಿಕೊಂಡು, ಉಂಡು, ನಾಲ್ಕು ಗಂಟೆಯ ಬಸ್ಸು ಹತ್ತಿದಳು.