ಸಂಚಬೀರ್ ಕಾಕಾನ ಉಲ್ಟಾ ಟೈರು

"ಐದು ವರ್ಷ ಬರುತ್ತಂತೆ."

"ಯಾವುದು, ಟೈರಾ?"

"ಟೈರೇ. ಇನ್ನೇನು, ನಾನಾ?"

"ಅದನ್ನೇ ಕೇಳ್ತಿರೋದು ಬೂಢಾ. ಟೈರು ಐದು ವರ್ಷ ಬರುತ್ತೆ. ನೀನು ಎಷ್ಟು ವರ್ಷ ಬರ್ತೀಯ?"

ಸಂಚಬೀರ್ ಕಾಕಾ ಉಪ್ಪು ಚಹಾ ಕುಡಿದರು. ಸೇತಿಮಾಯಾ ಕಾಕಿ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ಗಂಡನ ಬಲಮೊಣಕಾಲನ್ನೇ ನೋಡುತ್ತಿದ್ದರು. ಹೊಸ ಟೈರು ಎರಡೂ ದೂರದಿಂದ ಬಂದ ನೆಂಟರ ಹಾಗೆ ಒಲೆ ಪಕ್ಕದ ಗೋಡೆಗೆ ಒರಗಿ ಕೂತಿದ್ದವು.

ಕಾಕಾನಿಗೆ ಅರವತ್ತಾರು. ಅವರ ಲ್ಯಾಂಡ್ ರೋವರ್‌ಗೆ ಅರವತ್ತೆಂಟು. ನಮ್ಮೂರು ಮಾನೆಭಂಜಾಂಗ್‌ನಿಂದ ಸಂದಕ್‌ಫು ಬೆಟ್ಟದ ದಾರಿಯಲ್ಲಿ ಇವರಿಬ್ಬರೂ ನಲವತ್ತೈದು ವರ್ಷದಿಂದ ಜನ, ಅಕ್ಕಿ, ಗ್ಯಾಸ್ ಸಿಲಿಂಡರು, ಒಂದು ಸಲ ಹೋರಿ, ಎರಡು ಸಲ ಮದುಮಗಳು, ಎಲ್ಲವನ್ನೂ ಹೊತ್ತಿದ್ದಾರೆ. ನಾನು ಅದೇ ಓಣಿಯ ಹುಡುಗಿ, ಈಗ ಕಾಲೇಜು; ನನಗೆ ನಡೆಯಲು ಬರುವ ಮೊದಲೇ ಆ ಗಾಡಿಯ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಲು ಬರುತ್ತಿತ್ತಂತೆ, ಅಮ್ಮ ಹೇಳುತ್ತಾಳೆ.

ಈಗ ಗಾಡಿಯವರ ಸಂಘ ಹೊಸ ನಿಯಮ ಮಾಡಿದೆ. ಬಟನ್, ಅಂದರೆ ಮೈಮೇಲಿನ ರಬ್ಬರ್ ಉಬ್ಬು, ಸವೆದ ಟೈರಿದ್ದರೆ ಸೀಸನ್‌ನಲ್ಲಿ ಸರದಿ ನಂಬರ್ ಇಲ್ಲ. ನಂಬರ್ ಇಲ್ಲದಿದ್ದರೆ ಗಾಡಿ ಇದ್ದೂ ಇಲ್ಲದ ಹಾಗೆ. ಹಾಗಾಗಿ ಕಾಕಾ ಟೈರು ತಂದರು. ಕಾಕಿ ಷರತ್ತು ತಂದರು.

"ಈ ಶನಿವಾರ ನಾನು ಪಕ್ಕದಲ್ಲಿ ಕೂತ್ಕೊಂಡು ತುಮ್ಲಿಂಗ್ ತನಕ ಬರ್ತೀನಿ. ನೀನು ಓಡ್ಸೋದನ್ನ ನೋಡ್ತೀನಿ. ಸಾಕು ಅನ್ಸಿದ್ರೆ ಸಾಕು ಅಂತೀನಿ. ಆಮೇಲೆ ಗಾಡಿ ಮಾರ್ಬೇಕು, ಟೈರು ಸಮೇತ."

"ನೀನು ಯಾವತ್ತು ಗಾಡಿ ಹತ್ತಿದ್ದೀಯ, ಹೇಳೋಕೆ?"

"ನೀನು ಯಾವತ್ತು ಹತ್ತಿಸ್ಕೊಂಡಿದ್ದೀಯ?"

ಇದು ನಿಜ. ಮದುವೆಯಾಗಿ ನಲವತ್ತೊಂದು ವರ್ಷವಾದರೂ ಕಾಕಿ ದಾರಿಯ ಮೊದಲ ಊರು ಚಿತ್ರೇ ದಾಟಿ ಮೇಲೆ ಹೋಗಿಲ್ಲ. ಮುಂದಿನ ಸೀಟಿಗೆ ಯಾವಾಗಲೂ ಯಾರಾದರೂ ಪ್ರವಾಸಿ ಇದ್ದೇ ಇರುತ್ತಿದ್ದರು. ಕಾಕಾ ಒಲೆಗೆ ಒಂದು ಸೌದೆ ತಳ್ಳಿ "ಆಯ್ತು" ಅಂದರು.

ಟೈರು ಆರಿಸಿದ ದಿನ ಸಿಲಿಗುರಿಗೆ ನಾನೂ ಹೋಗಿದ್ದೆ. ಕಾಕಾನ ಅಳಿಯ ನೊರ್ದೆನ್‌ಗೆ ಅಲ್ಲಿ ಟೈರಿನ ಅಂಗಡಿ ಇದೆ. ಅವನು ಮಾವನಿಗಾಗಿ ಅಗಲದ ಟೈರು ತೆಗೆದಿಟ್ಟಿದ್ದ, ಒಂದೊಂದೂ ಅಕ್ಕಿ ಮೂಟೆಯಷ್ಟು ದಪ್ಪ.

"ನೋಡಿ ಮಾವ, ಹುಲಿ ಪಂಜಾ ಇದ್ದ ಹಾಗಿದೆ!"

"ಹುಲಿ ನಮ್ಮ ದಾರೀಲಿ ಯಾವತ್ತು ಓಡಾಡ್ತು, ಅಳಿಯಂದ್ರೆ? ಓಡಾಡೋದು ಮೇಕೆ. ಮೇಕೆ ಕಾಲು ನೋಡಿದ್ದೀರಾ, ಎಷ್ಟು ಸಣ್ಣ?"

"ಈಗ ಎಲ್ಲಾರೂ ಅಗಲದ್ದೇ ಹಾಕ್ಸೋದು ಮಾವ."

"ಎಲ್ಲಾರ ಗಾಡೀಲೂ ಸ್ಟೀರಿಂಗು ಬೆಣ್ಣೆ ಥರ ತಿರುಗುತ್ತೆ. ನಂದನ್ನ ಭುಜ ಹಾಕಿ ತಿರುಗಿಸ್ಬೇಕು. ಇದನ್ನ ಹಾಕಿದ್ರೆ ಹೇರ್‌ಪಿನ್ ತಿರುವಲ್ಲಿ ಟೈರು ಮಡ್‌ಗಾರ್ಡಿಗೆ ತಾಗುತ್ತೆ, ಭುಜ ಕಿವಿಗೆ ತಾಗುತ್ತೆ."

ಅಗಲದ ಟೈರು ಕಲ್ಲಿನ ಮೇಲೆ ತೇಲುತ್ತದೆ, ಸಣ್ಣದು ಕಲ್ಲುಗಳ ನಡುವೆ ಕಾಲಿಟ್ಟು ನಿಲ್ಲುತ್ತದೆ. ಕಾಕಾನ ಇಡೀ ಟೈರು ಶಾಸ್ತ್ರ ಇಷ್ಟೇ. ಆಮೇಲೆ ಅವರು ಆರಿಂಚಿನ ಸಣ್ಣ ಟೈರುಗಳ ಮುಂದೆ ಒಂದು ಗಂಟೆ ಕುಕ್ಕರಗಾಲಲ್ಲಿ ಕೂತರು. ಬಟನ್ನಿಗೆ ಉಗುರು ಒತ್ತಿ ನೋಡಿದರು, ಮೂಸಿದರು. ತಯಾರಾದ ವಾರ ಮತ್ತು ವರ್ಷದ ನಾಲ್ಕು ಅಂಕಿಯನ್ನು ನನ್ನಿಂದ ಓದಿಸಿದರು. ಹಳೇ ಸ್ಟಾಕು ಕಲ್ಲಿನ ಹಾಗೆ ಗಟ್ಟಿಯಾಗಿರುತ್ತದೆ, ಕಲ್ಲಿನ ಮೇಲೆ ಕಲ್ಲು ಜಾರುತ್ತದೆ ಅಂದರು. ಹೆಣ್ಣು ನೋಡೋಕೆ ಬಂದಾಗ ನಾನೂ ಇಷ್ಟು ನೋಡಿರಲಿಲ್ಲ ಎಂದು ನೊರ್ದೆನ್ ನನ್ನ ಕಿವಿಯಲ್ಲಿ ಹೇಳಿದ. ಕೊನೆಗೆ ಎರಡು ಪಾಸಾದವು. ನಮ್ಮಲ್ಲಿ ಯಾರೂ ನಾಲ್ಕನ್ನೂ ಒಟ್ಟಿಗೆ ತರುವುದಿಲ್ಲ. ಹೊಸವು ಮುಂದಕ್ಕೆ, ಮುಂದಿನವು ಹಿಂದಕ್ಕೆ, ಹಿಂದಿನವು ಮನೆಗೆ.

ಮನೆಗೆ ಅಂದರೆ ಮೆಟ್ಟಿಲಿಗೆ. ರಸ್ತೆಯಿಂದ ಕಾಕಾನ ಮನೆಗೆ ಇಪ್ಪತ್ತಮೂರು ಮೆಟ್ಟಿಲಿವೆ, ಎಲ್ಲವೂ ಮಣ್ಣು ತುಂಬಿದ ಹಳೇ ಟೈರು. ಮಗಳು ಹುಟ್ಟಿದ ವರ್ಷದ್ದು ನಾಲ್ಕನೆಯದು. ಹಿಮದಲ್ಲಿ ಮೂರು ದಿನ ಸಿಕ್ಕಿಹಾಕಿಕೊಂಡ ವರ್ಷದ್ದು ಒಂಬತ್ತನೆಯದು. ಹದಿನಾಲ್ಕನೆಯದು ಮೋಸದ ಟೈರು, ಆರೇ ತಿಂಗಳಿಗೆ ಬಿರುಕು ಬಿಟ್ಟಿತ್ತು. ಕಾಕಾ ಇವತ್ತಿಗೂ ಅದನ್ನು ತುಳಿಯದೆ ದಾಟುತ್ತಾರೆ.

ಸಂಜೆ ಅವರು ಹಳೇ ಸ್ಕ್ರೂಡ್ರೈವರ್ ಹಿಡಿದು ಬಟನ್ನುಗಳ ಸಂದಿಯಲ್ಲಿ ಸಿಕ್ಕ ಕಲ್ಲು ತೆಗೆಯುತ್ತಾರೆ, ಪಕ್ಕದ ಮನೆ ಅಜ್ಜ ಜಪಮಣಿ ಎಣಿಸುವ ಅದೇ ಹೊತ್ತಿಗೆ. ಗಾಳಿ ನೋಡಲು ಮೀಟರ್ ಇಲ್ಲ. ಬಿದಿರು ಕೋಲಿನಿಂದ ಒಂದೇಟು ಹೊಡೆದು, ತಲೆ ಓರೆ ಮಾಡಿ ಸದ್ದು ಕೇಳಿ, "ಬೇಕಂತೆ" ಅಥವಾ "ಸಾಕಂತೆ" ಅನ್ನುತ್ತಾರೆ. ಡಾಂಬರು ರಸ್ತೆಯಲ್ಲಿ ಈ ಟೈರುಗಳು ಎಷ್ಟು ಗುಂಯ್‌ಗುಡುತ್ತವೆಂದರೆ ಗಾಡಿ ಒಳಗೆ ಯಾರೂ ಜಗಳ ಆಡಲು ಸಾಧ್ಯವಿಲ್ಲ.

ಹೊಸ ಟೈರಿನ ಬಟನ್ನು ಟ್ರಾಕ್ಟರಿನದರ ಹಾಗೆ ಓರೆ ಗೆರೆ. ಯಾವ ಕಡೆ ಉರುಳಬೇಕು ಅಂತ ಪಕ್ಕದಲ್ಲಿ ಬಾಣದ ಗುರುತು ಇರುತ್ತದೆ. ಕಾಕಾ ಮುಂದಿನ ಎರಡನ್ನೂ ಬಾಣ ಹಿಂದಕ್ಕೆ ಬರುವ ಹಾಗೆ ಉಲ್ಟಾ ಹಾಕುತ್ತಾರೆ. "ಹತ್ತೋಕೆ ಹಿಂದಿನ ಎರಡು ಸಾಕು. ಇಳಿಯುವಾಗ ಹಿಡ್ಕೊಳೋದು ಮುಂದಿಂದು. ಬಾಣ ಹಾಕಿದವನು ಹತ್ತಿದ್ದಾನೆ, ಇಳಿದಿಲ್ಲ."

ಶನಿವಾರ ಬೆಳಿಗ್ಗೆ ನೊರ್ದೆನ್ ಅತ್ತೆಗೆ ಒಣಮೀನು ತಂದ. ಗಾಡಿಯ ಸುತ್ತ ಒಂದು ಸುತ್ತು ಬಂದ. ಬಾಣ ನೋಡಿದ. ಟೈರು ಅಂಗಡಿಯವನಿಗೆ ಉಲ್ಟಾ ಬಾಣ ಅಂದರೆ ತಲೆಕೆಳಗಾದ ದೇವರ ಪಟ. ಕಾಕಾ ಒಳಗೆ ಊಟಕ್ಕೆ ಕೂತಿದ್ದಾಗ, ಪಾಪ, ಒಳ್ಳೆಯ ಮನಸ್ಸಿನಿಂದ ಎಡಗಡೆಯ ಮುಂದಿನ ಚಕ್ರ ಬಲಕ್ಕೆ, ಬಲಗಡೆಯದು ಎಡಕ್ಕೆ ಹಾಕಿದ. ಬಾಣ ಎರಡೂ ಮುಂದಕ್ಕಾದವು. ಮಾವನ ಮರ್ಯಾದೆ ಉಳಿಯಲಿ ಅಂತ ಯಾರಿಗೂ ಹೇಳಲಿಲ್ಲ.

ನಾವು ಹೊರಟೆವು. ಊರಿನ ಮಾನೆಗೆ, ಅಂದರೆ ಮಂತ್ರ ಕೆತ್ತಿದ ಕಲ್ಲುಗೋಡೆಗೆ, ಬಲಸುತ್ತು ಹಾಕಿ ಗಾಡಿ ಏರು ಹಿಡಿಯಿತು. ಕಾಕಿ ಹೊಸ ಶಾಲು ಹೊದ್ದು ಮುಂದೆ, ನಾನು ಹಿಂದೆ ಅಕ್ಕಿ ಮೂಟೆಯ ಮೇಲೆ. ಚಿತ್ರೇ ದಾಟಿದಾಗ ಕಾಕಿ, "ಇಷ್ಟೇನಾ?" ಅಂದರು. ಲಾಮೇಧುರಾ ಏರಿನಲ್ಲಿ ಕಾಕಾ ಹುಬ್ಬು ಗಂಟಿಕ್ಕಿದರು.

"ಏನಾಯ್ತು?"

"ಚೆನ್ನಾಗಿ ಹತ್ತುತ್ತಿದೆ."

"ಅದಕ್ಕೆ ಮುಖ ಯಾಕೆ ಹಾಗೆ?"

"ಇಷ್ಟು ಚೆನ್ನಾಗಿ ಹತ್ತಬಾರ್ದು."

ತುಮ್ಲಿಂಗ್‌ನಲ್ಲಿ ಮಂಜು. ಕಾಂಚನಜುಂಗಾ ಇರಬೇಕಾದ ಕಡೆ ಬಿಳಿ ಗೋಡೆ. ಕಾಕಿ ಅದನ್ನೇ ಹತ್ತು ನಿಮಿಷ ನೋಡಿ, ನೂಡಲ್ಸ್ ಸಾರು ಥುಕ್ಪಾ ಕುಡಿದು, "ಚೆನ್ನಾಗಿದೆ" ಅಂದರು. ಹೇಳಿದ್ದು ಥುಕ್ಪಾ ಬಗ್ಗೆ.

ಇಳಿಯುವಾಗ ಮೇಘ್ಮಾ ಕೆಳಗಿನ ಕಲ್ಲುಹಾಸು ಒದ್ದೆಯಾಗಿತ್ತು. ಲೋ ಗೇರ್, ಒಂದನೇ ಗೇರ್, ಕಾಕಾನ ಕಾಲು ಬ್ರೇಕಿನ ಹತ್ತಿರ ಸುಮ್ಮನೆ. ತಿರುವಿಗೆ ಮೊದಲು ಮುಂದಿನ ಚಕ್ರ ಜಾರಿತು. ಒಂದಡಿ, ಎರಡಡಿ, ಮತ್ತೊಂದು. ಗಾಡಿ ಮೂತಿ ಬೆಟ್ಟದ ಮಣ್ಣಿಗೆ ಊರಿಕೊಂಡು ನಿಂತಿತು. ಇನ್ನೊಂದು ಪಕ್ಕದಲ್ಲಿ ಮಂಜು, ಮಂಜಿನ ಕೆಳಗೆ ಏನೂ ಇಲ್ಲ.

ಕಾಕಿ ತಿರುಗದೆಯೇ ಕೇಳಿದರು, "ಇದು ಟೈರಾ, ನೀನಾ?"

ಕಾಕಾ ಸ್ಟೀರಿಂಗ್ ಮೇಲಿದ್ದ ತಮ್ಮ ಕೈ ನೋಡಿಕೊಂಡರು, ಮೊಣಕಾಲು ನೋಡಿಕೊಂಡರು. "ಗೊತ್ತಿಲ್ಲ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಅದೇ ಮೊದಲು ಕೇಳಿದ್ದು. ಗಾಡಿ ಮಾರಾಟಕ್ಕೆ ಹೋಯಿತು ಅಂದುಕೊಂಡೆ.

ಅವರು ಇಳಿದು ಮುಂದಿನ ಟೈರು ಸವರಿದರು. ಬೆರಳು ಬಾಣದ ಮೇಲೆ ನಿಂತಿತು. ಆ ಕಡೆ ಹೋಗಿ ಇನ್ನೊಂದನ್ನೂ ಸವರಿದರು.

"ನೊರ್ದೆನ್," ಅಂದರು. ಅಷ್ಟೇ. ಬೈಗುಳ ಕೂಡ ಇಲ್ಲ.

ಆಮೇಲೆ ಕೆಲಸ. ಚಕ್ರಗಳಿಗೆ ಕಲ್ಲು ಕೊಟ್ಟು ಜಾಕಿ ಏರಿಸಿದರು. ಎಡ ಚಕ್ರ ಬಿಚ್ಚಿ ಸ್ಟೆಪ್ನಿ ಹಾಕಿದರು. ಬಲ ಬಿಚ್ಚಿ ಅಲ್ಲಿಗೆ ಎಡದ್ದು. ಮತ್ತೆ ಜಾಕಿ, ಸ್ಟೆಪ್ನಿ ಬಿಚ್ಚಿ ಬಲದ್ದು. ಸಹಾಯಕ್ಕೆ ಹೋದ ನನಗೆ ಪಕ್ಕಕ್ಕೆ ನಿಲ್ಲಲು ಹೇಳಿದರು. ಕಾಕಿಯನ್ನು ತಡೆಯಲಾಗಲಿಲ್ಲ. ಅವರು ಬಂಡೆ ಮೇಲೆ ಕೂತು ಹೊಸ ಶಾಲಿನ ಮಡಿಲಲ್ಲಿ ನಟ್ ಇಟ್ಟುಕೊಂಡು ಒಂದೊಂದೇ ಕೊಟ್ಟರು.

"ಮೊಣಕಾಲು?"

"ಇದೆ."

"ನೋವಾ ಅಂತ ಕೇಳಿದ್ದು."

"ಅದೂ ಇದೆ. ನಟ್ ಕೊಡು ಬೂಢಿ."

ಮುಕ್ಕಾಲು ಗಂಟೆ ಆಯಿತು. ಕಾಕಾ ಮಣ್ಣಿನಿಂದ ಮೂತಿ ಬಿಡಿಸಿ ಅದೇ ಇಳಿಜಾರು, ಅದೇ ಒದ್ದೆ ಕಲ್ಲಿನ ಮೇಲೆ ಗಾಡಿ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಕಾಕಿ ಮುಚ್ಚಿಕೊಳ್ಳಲಿಲ್ಲ, ಅವರು ನೋಡಲೆಂದೇ ಬಂದಿದ್ದರು. ಗಾಡಿ ಅಜ್ಜಿ ಮೆಟ್ಟಿಲಿಳಿದ ಹಾಗೆ ಒಂದೊಂದೇ ಕಲ್ಲು ಹಿಡಿದು ಇಳಿಯಿತು. ಒಂದಂಗುಲವೂ ಜಾರಲಿಲ್ಲ.

ಕೆಳಗೆ ನೊರ್ದೆನ್ ಕಾಯುತ್ತಿದ್ದ. "ಹೇಗಿತ್ತು ಮಾವ?"

"ಹತ್ತೋಕೆ ಬಹಳ ಚೆನ್ನಾಗಿತ್ತು, ಅಳಿಯಂದ್ರೆ."

ಅವನು ಖುಷಿಯಾಗಿ ಬಾಣ ನೋಡಿದ. ಮತ್ತೆ ಹಿಂದಕ್ಕೆ. ಖುಷಿ ಹೋಯಿತು.

ಕಾಕಾ ಇಂಜಿನ್ ಆರಿಸಿ ಹೆಂಡತಿ ಕಡೆ ತಿರುಗದೆ ಕೇಳಿದರು, "ಏನಂತೀಯ?"

ಕಾಕಿ ಶಾಲಿಗೆ ಮೆತ್ತಿದ್ದ ಗ್ರೀಸು ಉಜ್ಜುತ್ತಿದ್ದರು. "ತುಮ್ಲಿಂಗ್‌ನಲ್ಲಿ ಏನೂ ಕಾಣ್ಲಿಲ್ಲ."

"ಮಂಜು ನಂದಲ್ಲ. ಗಾಡಿ ಬಗ್ಗೆ ಕೇಳಿದ್ದು. ಮಾರ್ಬೇಕಾ?"

"ಮಾರಿಬಿಟ್ರೆ ಇನ್ನೂ ಮೇಲಿನ ಕಾಲಿಪೋಖ್ರಿಗೆ ಯಾತ್ರಲ್ಲಿ ಹೋಗ್ಲಿ, ನಡ್ಕೊಂಡಾ?" ಕಾಕಿ ಇಳಿದು ಬಾಗಿಲು ಹಾಕಿದರು. "ಮುಂದಿನ ಶನಿವಾರ ಆರು ಗಂಟೆಗೇ ಹೊರಡೋಣ, ಮಂಜು ಏಳೋಕೆ ಮುಂಚೆ. ಈ ಸೀಟು ಯಾರಿಗಾದ್ರೂ ಕೊಟ್ಟೀಯ, ಜೋಕೆ. ಅಳಿಯಂದ್ರೆ, ನೀವೂ ಬನ್ನಿ, ಹಿಂದೆ ಕೂತ್ಕೊಳ್ಳಿ. ಕಾಲೇಜಿನೋಳೇ, ನೀನು ಬ್ರೆಡ್ ತಗೊಂಡು ಬಾ."