ಖಾಜಾಸಾಬ ಬಡಿದು ನೋಡಿದ ಸರಳು

೧೯೬೩ರಲ್ಲಿ ನಾನು ವಾಯುದಳದ ತರಬೇತಿ ಶಾಲೆಯೊಂದರಲ್ಲಿ ಫಿಟ್ಟರ್ ಸಾರ್ಜೆಂಟ್ ಆಗಿದ್ದೆ. ಚೀನಾ ಯುದ್ಧದ ಪೆಟ್ಟು ಇನ್ನೂ ಹಸಿಯಾಗಿತ್ತು. ದಳ ಚಿಕ್ಕದು, ಅದಕ್ಕೆ ವಯಸ್ಸೂ ಕಡಿಮೆ. ಬೇಗ ದೊಡ್ಡದಾಗಬೇಕೆಂದು ಮೇಲಿನಿಂದ ಆಜ್ಞೆ ಬಂತು, ತರಬೇತಿಯ ಅವಧಿಗೆ ಕತ್ತರಿ ಬಿತ್ತು. ಪ್ರತಿ ತಿಂಗಳು ‘ಸ್ಟ್ರೆಂಥ್ ರಿಟರ್ನ್’ ಎಂಬ ಪಟ್ಟಿ ಕಳಿಸಬೇಕಿತ್ತು: ಜನ ಎಷ್ಟು, ಹಾರಬಲ್ಲ ವಿಮಾನ ಎಷ್ಟು. ಪಟ್ಟಿ ಬೆಳೆದರೆ ಅಧಿಕಾರಿಗಳ ಮುಖಕ್ಕೆ ಕಳೆ ಬರುತ್ತಿತ್ತು.

ನಾನು ಸೇಡಂನವನು, ಆ ಸೀಮೆಯ ಭಾಷೆ ಬಲ್ಲವನು ಎಂದು ಮೆಕ್ಯಾನಿಕ್‌ಗಳ ಭರ್ತಿಗೆ ವಾಡಿಗೆ ಕಳಿಸಿದರು. ಜೊತೆಗೆ ಒಬ್ಬ ಫ್ಲೈಟ್ ಲೆಫ್ಟಿನೆಂಟ್ ಇದ್ದರು. ರೈಲು ಜಂಕ್ಷನ್ ಹತ್ತಿರದ ಊರಶಾಲೆಯ ವರಾಂಡದಲ್ಲಿ ಮೇಜು ಹಾಕಿದೆವು. ಸ್ಟೋರಿನಿಂದ ಎರವಲು ತಂದ ವಿಮಾನದ ಬಿಡಿಭಾಗಗಳನ್ನು ಅಭ್ಯರ್ಥಿ ಕ್ಯಾಲಿಪರ್‌ನಿಂದ ಅಳೆದು, ಸರಿಯಾದದ್ದು ಯಾವುದು, ಕೆಟ್ಟದ್ದು ಯಾವುದು ಹೇಳಬೇಕು. ಉತ್ತರದ ಹಾಳೆ ನನ್ನ ಬಳಿ ಇತ್ತು.

ಮೂರನೆಯ ದಿನ ಶಹಾಬಾದಿನ ಖಾಜಾಸಾಬ ಬಂದ. ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಖಣಿಯಲ್ಲಿ ದುಡಿಯುವ ಮನೆತನ.

“ಅಪ್ಪಗ ಧೂಳಿನಿಂದ ಎದಿ ಹೋಗ್ಯಾದ್ರಿ. ಈ ನೌಕರಿ ಸಿಗಲಿಲ್ಲಂದ್ರ ನಾನೂ ಅದೇ ಖಣಿಗಿ ಇಳೀಬೇಕು” ಎಂದ.

ವಿಮಾನದ ಚಕ್ರದ ಭಾರ ಹೊರುವ ಉಕ್ಕಿನ ಸರಳನ್ನು ಅವನ ಕೈಗೆ ಕೊಟ್ಟೆ. ಅಳೆಯುವ ಬದಲು ಕೊರಳ ತಾಯಿತದ ದಾರ ಬಿಚ್ಚಿ, ಅದಕ್ಕೆ ಸರಳನ್ನು ತೂಗುಬಿಟ್ಟು, ಕ್ಯಾಲಿಪರ್‌ನಿಂದ ಮೆಲ್ಲಗೆ ಬಡಿದು ಕಿವಿಗೊಟ್ಟ.

“ಇದು ಒಡದದ್ರಿ ಸಾಹೇಬ್ರ. ಒಳಗ ಅದ, ಕಣ್ಣಿಗಿ ಕಾಣಂಗಿಲ್ಲ.”

ಹಾಳೆಯಲ್ಲಿ ಆ ಸರಳಿನ ಮುಂದೆ ‘ಸರಿ’ ಎಂದಿತ್ತು. ವಿಮಾನವನ್ನು ಇವನು ಮನೆಯ ಹಾಸುಗಲ್ಲು ಅಂದುಕೊಂಡಿದ್ದಾನೆ ಎಂದು ಲೆಫ್ಟಿನೆಂಟ್ ನಕ್ಕರು. ನನಗೆ ನಗು ಬರಲಿಲ್ಲ. ನಮ್ಮಪ್ಪ ಮನೆಗೆ ಕಲ್ಲು ಕೊಳ್ಳುವಾಗ ಒಂದೊಂದನ್ನೂ ಬಡಿದು ನೋಡಿಯೇ ಬಂಡಿಗೆ ಹೇರಿಸುತ್ತಿದ್ದರು. ಗಟ್ಟಿ ಕಲ್ಲು ಕಣಕಣ ಎನ್ನುತ್ತದೆ, ಒಡೆದದ್ದರ ಸದ್ದು ಬೊದ್ದು, ತಕ್ಷಣ ಅಡಗುತ್ತದೆ. ಆ ಬೊದ್ದು ಸದ್ದು ನನ್ನ ಕಿವಿಗೂ ಬಿದ್ದಿತ್ತು. ಆದರೆ ನನ್ನ ಬಡ್ತಿಯ ಕಡತ ಅದೇ ಲೆಫ್ಟಿನೆಂಟರ ಕೈಯಲ್ಲಿತ್ತು. ಖಾಜಾಸಾಬನ ಹೆಸರಿನ ಮುಂದೆ ‘ಅನರ್ಹ’ ಎಂದು ಬರೆದೆ.

ಖಾಜಾಸಾಬ ದಾರವನ್ನು ಕೊರಳಿಗೆ ಕಟ್ಟಿಕೊಂಡ. “ಬರೀರಿ ಸಾಹೇಬ್ರ, ನನ್ನ ನಸೀಬು. ಆದ್ರ ಆ ಸರಳು ಹಾಕಿ ಯಾರನ್ನೂ ಮ್ಯಾಲ ಕಳಸಬ್ಯಾಡ್ರಿ.”

ತರಬೇತಿ ಶಾಲೆಗೆ ಮರಳಿದ ಮೇಲೆ ಸರಳನ್ನು ಯಂತ್ರದಲ್ಲಿ ಪರೀಕ್ಷಿಸಿ ಎಂದು ಒಂದು ಚೀಟಿ ಬರೆದಿದ್ದರೆ ಸಾಕಿತ್ತು. ಬರೆದರೆ ವಾಡಿಯಲ್ಲಿ ಯಾಕೆ ಸುಮ್ಮನಿದ್ದೆ ಎಂಬ ಪ್ರಶ್ನೆ ಬರುತ್ತಿತ್ತು. ಬರೆಯಲಿಲ್ಲ. ಸರಳು ಸ್ಟೋರಿಗೆ ಹೋಯಿತು. ಬಿಡಿಭಾಗಗಳ ಕೊರತೆಯಿದ್ದುದರಿಂದ ಅಲ್ಲಿಂದ ತರಬೇತಿ ವಿಮಾನವೊಂದಕ್ಕೆ ಹೋಯಿತು.

ನಾಲ್ಕು ತಿಂಗಳ ನಂತರ ಆ ವಿಮಾನ ಇಳಿಯುವಾಗ ಒಂದು ಬದಿಯ ಚಕ್ರ ಮುರಿದು ಮಗುಚಿತು. ಒಳಗಿದ್ದ ತರಬೇತಿಯ ಹುಡುಗ ಬದುಕಲಿಲ್ಲ. ತನಿಖೆಯಲ್ಲಿ ಮುರಿದ ಸರಳಿನ ಮೇಲಿನ ನಂಬರನ್ನು ನಾನೇ ಓದಿ ಹೇಳಿದೆ, ಉಳಿದದ್ದನ್ನು ಹೇಳಲಿಲ್ಲ. ಆ ತಿಂಗಳ ಪಟ್ಟಿಯಲ್ಲಿ ಒಬ್ಬ ಕಡಿಮೆಯಾದ, ವಾಡಿಯಿಂದ ಭರ್ತಿಯಾದವರು ಸೇರಿದರು. ಒಟ್ಟು ಸಂಖ್ಯೆ ಹೆಚ್ಚೇ ಆಯಿತು. ನನಗೆ ಬಡ್ತಿಯೂ ಬಂತು.

ನಿವೃತ್ತನಾದ ಮೇಲೆ ಶಹಾಬಾದಿಗೆ ಹೋಗಿ ಖಾಜಾಸಾಬನನ್ನು ಹುಡುಕಿದೆ. ಅಪ್ಪನ ಖಣಿಯಲ್ಲೇ ಇದ್ದ, ಅಪ್ಪನ ಕೆಮ್ಮೂ ಬಂದಿತ್ತು. ನನ್ನ ಗುರುತು ಹಿಡಿದು ಒಂದೇ ಮಾತು ಕೇಳಿದ.

“ಆ ಸರಳು ಏನು ಮಾಡಿದ್ರಿ?”

ನಿಜ ಹೇಳಬೇಕೆಂದೇ ಅಷ್ಟು ದೂರ ಹೋಗಿದ್ದೆ. “ಬಿಸಾಕಿದ್ವಿ” ಎಂದೆ.

ಅವನ ಮುಖ ಅರಳಿತು. “ಭಾಳ ಚಲೋ ಮಾಡಿದ್ರಿ. ನೌಕರಿ ಹೋದ್ರ ಹೋಗಲಿ, ನನ್ನ ಮಾತು ಕೇಳಿದ್ರಲ್ಲ, ಸಾಕು ಬಿಡ್ರಿ. ಕುಂದ್ರಿ, ಚಹಾ ಕುಡೀರಿ.”

ಕುಡಿದೆ. ಕಿವಿಗೆ ಬಿದ್ದದ್ದನ್ನು ಹೇಳಲಾರದವನು ಇನ್ನೊಬ್ಬರ ಜೀವದ ಕಾಗದಕ್ಕೆ ಸಹಿ ಹಾಕಬಾರದು ಎಂಬುದು ಆ ನೌಕರಿ ಹೇಳಿಕೊಟ್ಟ ಪಾಠ. ಖಾಜಾಸಾಬನ ಚಹಾ ಕುಡಿದ ದಿನವೂ ನಾನು ಅದನ್ನು ಕಲಿತಿರಲಿಲ್ಲ.