ಪೂಲಿನ ಮೇಸ್ತ್ರಿ ಮತ್ತು ಹೆಂಗಸರ ಹೊತ್ತು

ಹೋದ ತಿಂಗಳು ನಾರಾಯಣಪೇಟೆಯ ಗುಜರಿ ಅಂಗಡಿಯೊಂದರ ಮುಂದೆ ನೀಲಿ ಪೈಪಿನ ತುಂಡು ಬಿದ್ದಿತ್ತು. ಮೈತುಂಬ ಬಳೆ ತೊಡಿಸಿದಂಥ ಪೈಪು. ಕೂಲರಿನದು ಇರಬೇಕು ಅಂದ ಅಂಗಡಿಯವನು. ಅಲ್ಲ ಅಂತ ನನಗೆ ಗೊತ್ತಿತ್ತು. ಪಂಪಿನ ಎಳೆತಕ್ಕೆ ಈಜುಕೊಳದ ತಳದಲ್ಲಿ ಆಮೆಯ ಹಾಗೆ ತಾನೇ ಹರಿದಾಡುತ್ತ ಕಸ ಎಳೆದುಕೊಳ್ಳುವ ಮಷಿನ್ನಿನ ಪೈಪು ಅದು. ನೋಡಿದ್ದೇ ತಡ, ಗದ್ವಾಲದ ಪೂಲಿನ ಮೇಸ್ತ್ರಿಯ ಗಂಟುಮುಖ ಕಣ್ಣೆದುರು ಬಂತು. ಇಷ್ಟು ವರ್ಷಗಳಾದರೂ ನನ್ನ ಹಲ್ಲು ತಾವೇ ಬಿಗಿದುಕೊಂಡವು...

ನಾನು ತೆಲಂಗಾಣದ ಗಡಿಯ ಕೃಷ್ಣಾ ಮಂಡಲದವಳು, ಹೊಳೆಯಲ್ಲಿ ಈಜು ಕಲಿತವಳು. ಗದ್ವಾಲಕ್ಕೆ ಸೊಸೆಯಾಗಿ ಬಂದ ಮೇಲೆ ಈಜುವುದು ನಿಂತೇಹೋಗಿತ್ತು. ಊರ ಹೊರಗೆ ಒಬ್ಬ ಸಾಹುಕಾರರು ಮದುವೆ ಹಾಲ್ ಕಟ್ಟಿಸಿ, ಅದರ ಹಿಂದೆ ಪೂಲು ಮಾಡಿಸಿದರು. ಮಧ್ಯಾಹ್ನ ಒಂದು ತಾಸು ಹೆಂಗಸರಿಗೆಂದು ಇಟ್ಟು, ಕಲಿಸಲು ನನ್ನನ್ನು ಕರೆದರು. ಪೂಲು ನೋಡಿಕೊಳ್ಳಲು ಮಕ್ತಲ್ ಕಡೆಯ ಈ ಮೇಸ್ತ್ರಿ ಆಗಲೇ ಇದ್ದರು. ಕುರುಬರ ಮನೆಯವರು, ಹಣೆಯ ಮೇಲೆ ಮೈಲಾರನ ಭಂಡಾರ ಇಲ್ಲದೆ ಕೆಲಸಕ್ಕೆ ಬಂದವರಲ್ಲ. ಮೊದಲ ದಿನವೇ ನನ್ನ ಕಡೆ ನೋಡದೆ ಅಂದರು, "ಹೆಂಗಸರು ಇಳಿದ್ರ ನೀರು ಕೆಡ್ತೈತಿ."

ದಿನವೂ ಹೊಸ ತಕರಾರು. ಮಷಿನ್ನನ್ನು ದಡಕ್ಕೆಳೆದು, ಗಾಲಿಗೆ ಸುತ್ತಿದ ಕೂದಲು ಬಿಡಿಸಿ, ನನ್ನ ಕಾಲ ಹತ್ತಿರ ಹಾಕುತ್ತಿದ್ದರು. ಕೊಬ್ಬರಿ ಎಣ್ಣೆಯಿಂದ ಕಸ ಸೋಸುವ ಜಾಳಿಗೆ ಕಟ್ಟಿಕೊಳ್ಳುತ್ತದೆ ಅನ್ನುತ್ತಿದ್ದರು. ಅದು ಸುಳ್ಳಲ್ಲ. ಆದರೆ ಬೇವಿನ ಎಲೆಯೂ ಅದರಲ್ಲಿ ತುಂಬಿರುತ್ತಿತ್ತು, ಅದನ್ನು ಅವರು ಹೇಳುತ್ತಿರಲಿಲ್ಲ. ಒಮ್ಮೆ ಮಷಿನ್ನು ಗೋಡೆ ಹತ್ತದೆ ಒಂದೇ ಮೂಲೆಯಲ್ಲಿ ಗಿರಗಿರ ತಿರುಗತೊಡಗಿತು. ಅದಕ್ಕೂ ನಾವೇ ಕಾರಣ ಅಂದರು. ಆಮೇಲೆ ನೋಡಿದರೆ ಪೈಪಿನ ಜೋಡಣೆಯೊಂದು ಸಡಿಲಾಗಿ ಗಾಳಿ ಎಳೆಯುತ್ತಿತ್ತು. ಬಿಗಿ ಮಾಡಿದರು, ಮಷಿನ್ನು ನೆಟ್ಟಗೆ ನಡೆಯಿತು.

"ಗಾಳಿ ನಾವ ತುಂಬಿದ್ವೇನ್ರಿ?" ಅಂದೆ.

"ನಿಮ್ಮ ಬಾಯಾಗಿಂದು ಇರಬೇಕು," ಅಂದರು.

ತೆಲಂಗಾಣ ಬೇಕೆಂಬ ಚಳವಳಿ ಜೋರಾಗಿದ್ದ ಕಾಲವದು. ಇವತ್ತು ಬಂದ್, ನಾಳೆ ರಸ್ತೆ ತಡೆ. ಮೇಸ್ತ್ರಿಯೂ ಕೊರಳಿಗೆ ಚಳವಳಿಯವರ ಗುಲಾಬಿ ಶಾಲು ಸುತ್ತಿಕೊಂಡು ಹೋಗುತ್ತಿದ್ದರು. ರಾಜ್ಯ ಬಂದ ಮೇಲೆ ಸಾಹುಕಾರರ ಚಾಕರಿ ಬಿಟ್ಟು ಸ್ವಂತ ಅಂಗಡಿ ಇಡುವುದಾಗಿ ಕಾವಲುಗಾರನ ಮುಂದೆ ಹೇಳುವುದು ನನ್ನ ಕಿವಿಗೆ ಬೀಳುತ್ತಿತ್ತು. ಬೇಗ ಬರಲಿ, ಇವರು ತೊಲಗಲಿ ಅಂತ ನಾನೂ ಬಯಸಿದ್ದುಂಟು.

ಅದೇ ಚಳವಳಿಯಲ್ಲಿ ನೌಕರರ ಮುಷ್ಕರ ಶುರುವಾದಾಗ ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ತಿಳಿಯದಂತಾಯಿತು. ಅಂಥ ಒಂದು ದಿನ ಸಂಜೆ ಹಾಲ್‌ನಲ್ಲಿ ದೊಡ್ಡವರ ಮನೆಯ ಆರತಕ್ಷತೆ. ಪೂಲಿನ ತಳದಲ್ಲಿ ಕೆಮ್ಮಣ್ಣು ಕೂತಿತ್ತು. ಕರೆಂಟು ಬಂದದ್ದು ಸರಿಯಾಗಿ ನಾವು ನೀರಿನಲ್ಲಿದ್ದಾಗ. ಸಾಹುಕಾರರು ದಡಕ್ಕೆ ಬಂದು, "ಮಷಿನ್ ಹಚ್ಚು," ಅಂದರು.

"ಮಂದಿ ನೀರಾಗಿರೋತನ ಹಚ್ಚಂಗಿಲ್ರಿ," ಅಂದರು ಮೇಸ್ತ್ರಿ. "ಪಂಪ್ ಹಾಕಿದ್ರ ಗ್ವಾಡ್ಯಾಗ ನೀರು ಎಳಿಯೋ ತೂತಿನ ಮುಚ್ಚಳ ಒಡದೈತಿ. ಹೊಸಾದು ತರಸ್ರಿ ಅಂತ ಎಷ್ಟು ಸಲ ಹೇಳೀನಿ. ಮೊದ್ಲು ಇವ್ರನ್ನ ಹೊರಗ ಕಳಸ್ರಿ."

ನಮ್ಮನ್ನು ಎಬ್ಬಿಸಲು ಇದೊಂದು ನೆಪ ಅಂತಲೇ ನಾನು ತಿಳಿದೆ. "ನಮ್ಮ ಹೊತ್ತು ಇನ್ನೂ ಮುಗಿದಿಲ್ಲ," ಅಂದೆ. ಅವರು ಒಮ್ಮೆ ನನ್ನನ್ನು ದುರುಗುಟ್ಟಿ ನೋಡಿ, ಕಸದ ಬುಟ್ಟಿ ತೊಳೆಯಲು ಹಿತ್ತಲ ನಲ್ಲಿಗೆ ಹೋದರು. ಸಾಹುಕಾರರು ನೆಟ್ಟಗೆ ಪಂಪಿನ ಕೋಣೆಗೆ ನಡೆದರು. ಬಾಗಿಲು ತೆರೆದೇ ಇತ್ತು. ಅವರು ಸ್ವಿಚ್ ಒತ್ತಿದ್ದು ನನಗೆ ಕಂಡಿತು.

ಅಂಚೆ ಕಚೇರಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಆ ಗೋಡೆಯ ಹತ್ತಿರವೇ ಇದ್ದಳು. ಮಂಡಿಯುದ್ದ ಜಡೆ ಅವಳದು. ಅವಳ ತಲೆ ಹಿಂದಕ್ಕೆ ವಾಲಿ ನೀರೊಳಗೆ ಹೋದದ್ದಷ್ಟೇ ಕಂಡಿತು. ಹೋಗಿ ಹಿಡಿದೆ. ಜಡೆಯ ತುದಿ ತೂತಿನೊಳಗೆ ಸೇರಿತ್ತು, ಎಷ್ಟು ಜಗ್ಗಿದರೂ ಬರಲಿಲ್ಲ. ನೀರಿನೊಳಗೆ ಅವಳ ಕಣ್ಣು ತೆರೆದಿದ್ದವು, ಉಗುರು ನನ್ನ ತೋಳಿನಲ್ಲಿ ಇಳಿದಿದ್ದವು. ಕೂಗಿದೆ. ಪಂಪಿನ ಸದ್ದು ಕೇಳಿಯೇ ಮೇಸ್ತ್ರಿ ಬುಟ್ಟಿ ಎಸೆದು ಓಡಿ ಬರುತ್ತಿದ್ದರು. ಸಾಹುಕಾರರನ್ನು ಭುಜದಿಂದ ತಳ್ಳಿ ಸ್ವಿಚ್ ಆರಿಸಿದರು. ಜಡೆ ಬಿಟ್ಟುಕೊಂಡಿತು. ದಡದ ಮೇಲೆ ಅವಳು ಕೆಮ್ಮಿ ಕೆಮ್ಮಿ ನೀರು ಕಕ್ಕಿದಳು...

ಅವಳ ಗಂಡ ಬಂದಾಗ ಸಾಹುಕಾರರು ಮೇಸ್ತ್ರಿಯ ಕಡೆ ಕೈ ಮಾಡಿದರು. "ಇವನೇ ಪಂಪ್ ಹಾಕಿದಾಂವ. ಬುದ್ಧಿಗೇಡಿ."

ಮೇಸ್ತ್ರಿ, "ನಾ ಹಾಕಿಲ್ಲ," ಅಂದರು. ಅಷ್ಟೇ.

"ಹಾಕಿದವ್ರು ನೀವ್ರಿ ಸಾಹುಕಾರ್ರ," ಅಂದೆ ನಾನು. "ನಾ ನೋಡೀನಿ. ಬ್ಯಾಡಂದಾಂವನ ಮ್ಯಾಲ ಯಾಕ ಹಾಕ್ತೀರಿ?"

ಅವತ್ತೇ ಇಬ್ಬರಿಗೂ ಅಲ್ಲಿಯ ಋಣ ತೀರಿತು. ಗೇಟಿನ ಹೊರಗೆ ಮೇಸ್ತ್ರಿ ಸೈಕಲ್ಲಿನ ಬೀಗ ತೆಗೆಯುತ್ತಿದ್ದರು. ಒಂದು ಒಳ್ಳೆಯ ಮಾತು ಬಂದೀತೆಂದು ನಿಂತೆ.

"ನಿಮ್ಮ ಸಾಕ್ಷಿ ಯಾರು ಕೇಳಿದ್ರು?" ಅಂದರು. "ನಾ ಹೇಳಿದಾಗ ಎದ್ದು ಹೊರಗ ಬಂದಿದ್ರ ಆ ಹೆಣ್ಮಗಳಿಗೆ ಹಿಂಗ ಆಗ್ತಿತ್ತೇನು?"

"ಮುಖ ನೋಡಿ ಮರ್ಯಾದಿಲೆ ಹೇಳಿದ್ರ ಬರ್ತಿದ್ವಿ," ಅಂದೆ.

ಸೈಕಲ್ ಹತ್ತಿ ಹೊರಟರು. ಮತ್ತೆ ನಾವು ಮಾತಾಡಲಿಲ್ಲ. ರಾಜ್ಯ ಬಂತು. ಮಕ್ತಲ್‌ನಲ್ಲಿ ಅವರು ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾರೆಂದು ಕೇಳಿದ್ದೆ. ಎಷ್ಟೋ ಸಲ ಆ ದಾರಿಯಲ್ಲೇ ಬಸ್ಸಿನಲ್ಲಿ ಹೋದರೂ ಇಳಿಯಲಿಲ್ಲ.

ಗುಜರಿ ಅಂಗಡಿಯ ಮುಂದೆ ನಿಂತ ಆ ದಿನ ಮಾತ್ರ ಮನಸ್ಸು ತಡೆಯಲಿಲ್ಲ. ಮಕ್ತಲ್‌ಗೆ ಹೋಗಿ ವಿಚಾರಿಸಿದೆ. ಅಂಗಡಿಯಿದ್ದ ಜಾಗದಲ್ಲಿ ಮೊಬೈಲ್ ಮಾರುತ್ತಿದ್ದರು. ಮನೆ ತೋರಿಸಿದರು. ಅವರ ಹೆಂಡತಿ ಬಾಗಿಲಿಗೆ ಬಂದರು. ಹಣೆ ಬರಿದಾಗಿತ್ತು.

ಗದ್ವಾಲದ ಪೂಲಿನವಳೆಂದೆ. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಆಕಿ ನೀವೇನು," ಅಂದರು. "ಅವ್ರು ಸಾಯೋತನ ನಿಮ್ಮ ಸುದ್ದಿ ಬಂದ್ರ ಬೈತಿದ್ರು. ಬಾಳ ಜಗಳಗಂಟಿ ಅಂತಿದ್ರು."

"ನಾನೂ ಅವ್ರನ್ನ ಹಂಗ ಬೈತಿದ್ದೆರಿ," ಅಂದೆ.

ಒಳಗೆ ಕರೆಯಲಿಲ್ಲ, ಬಾಗಿಲನ್ನೂ ಹಾಕಲಿಲ್ಲ. ಅವತ್ತು ನೀವಂದಾಗಲೇ ಎದ್ದು ಬರಬೇಕಿತ್ತು ಅಂತ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತು ಆಕೆಗೆ ಸೇರಿದ್ದಲ್ಲ, ಮೇಸ್ತ್ರಿಗೆ. ಅದನ್ನು ಹಾಗೇ ಹೊತ್ತುಕೊಂಡು ಬಸ್ ನಿಲ್ದಾಣದ ಕಡೆ ನಡೆದೆ...